ಮರಳಿನಿಂದ ಗಾಜಿನವರೆಗೆ: ಪುಡಿ ಕರಗಿಸಿ ಗಾಜು ಮಾಡುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಮೂಸೆಯ, ಅಂದರೆ ಗಾಜು ಕರಗಿಸುವ ಪಾತ್ರೆಯ, ಮುಚ್ಚಳ ತೆಗೆದು ನೋಡಿದಾಗ ಒಳಗೆ ಗಾಜು ಇರಲಿಲ್ಲ. ಬಿಳಿ ನೊರೆ ಇತ್ತು. ನೊರೆಯ ನಡುವೆ ಕರಗದ ಮರಳಿನ ಕಾಳುಗಳು. ಕುಲುಮೆ 1350 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ತೂಕ ಸರಿಯಿತ್ತು, ಪುಡಿಯೂ ಸರಿಯಿತ್ತು. ನಾನು ಕೊಡದೇ ಇದ್ದದ್ದು ಸಮಯ. ಇನ್ನೂ ಎಂಟು ಗಂಟೆ ಹಾಗೇ ಬಿಟ್ಟೆ. ಅದೇ ನೊರೆ ಇಳಿದು, ತಿಳಿಯಾಗಿ, ಸರಳಿಗೆ ಅಂಟಿ ಜಗ್ಗುವ ಪಾಕವಾಯಿತು.

ಗಾಜು ಮಾಡುವುದೆಂದರೆ ಪುಡಿಯನ್ನು ಬೆಂಕಿಗೆ ಹಾಕುವುದು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಬೆಂಕಿ ಅರ್ಧ ಕೆಲಸ ಮಾತ್ರ. ಗುಳ್ಳೆ ಹೊರಗೆ ಹೋಗಲು ಕಾಯುವುದು, ಆಮೇಲೆ ತಣಿಯಲು ಕಾಯುವುದು, ಇವೆರಡರಲ್ಲೇ ಗಾಜು ಗೆಲ್ಲುತ್ತದೆ ಅಥವಾ ಸೋಲುತ್ತದೆ. ಹಾಗಾಗಿ ಆ ಎರಡು ಹಂತಗಳನ್ನು ಇಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೇನೆ.

ಮೂರು ಪುಡಿ, ಮೂರು ಕೆಲಸ

ಗಾಜಿನ ಮೈ ಅಂದರೆ ಸಿಲಿಕಾ. ಶುದ್ಧವಾದ ಬಿಳಿ ಮರಳು ಬಹುಪಾಲು ಸಿಲಿಕಾವೇ. ಮರಳಿನ ಕಾಳಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಸಾಲು ಹಿಡಿದು, ಅಚ್ಚುಕಟ್ಟಾಗಿ ಕೂತಿರುತ್ತವೆ. ಕರಗಿಸಿದಾಗ ಆ ಸಾಲು ಮುರಿಯುತ್ತದೆ. ಕರಗಿದ ಸಿಲಿಕಾ ನೀರಿನಂತಲ್ಲ, ಬಹಳ ಮಂದ. ತಣಿಯುವಾಗ ಪರಮಾಣುಗಳು ಮತ್ತೆ ಸಾಲಿಗೆ ಬರುವಷ್ಟು ಹೊತ್ತು ಸಿಗುವುದಿಲ್ಲ. ಚೆಲ್ಲಾಪಿಲ್ಲಿಯಾಗಿದ್ದ ಹಾಗೆಯೇ ಗಟ್ಟಿಯಾಗಿಬಿಡುತ್ತವೆ. ಅದೇ ಗಾಜು. ಜ್ವಾಲಾಮುಖಿಯ ಲಾವಾ ಬೇಗ ತಣಿದಾಗ ಹುಟ್ಟುವ ಕಪ್ಪು ಅಬ್ಸಿಡಿಯನ್, ಮರಳಿಗೆ ಸಿಡಿಲು ಬಡಿದಾಗ ಆಗುವ ಕೊಳವೆಯಂಥ ಫಲ್ಗುರೈಟ್, ಎರಡೂ ಹೀಗೇ ಆದ ಗಾಜುಗಳು.

ತೊಂದರೆ ಏನೆಂದರೆ ಸಿಲಿಕಾ ಕರಗಲು ಸುಮಾರು 1710 ಡಿಗ್ರಿ ಬೇಕು. ಅಷ್ಟು ಶಾಖವನ್ನು ಸಣ್ಣ ಕುಲುಮೆ ಕೊಡಲಾರದು. ಇಲ್ಲಿ ಸೋಡಾ ಬರುತ್ತದೆ. ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್, ಸಿಲಿಕಾದ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಸರಿಯಾದ ಪ್ರಮಾಣದಲ್ಲಿ ಬೆರೆತರೆ ಸುಮಾರು 800 ಡಿಗ್ರಿಯಲ್ಲೇ ದ್ರವ ಕಾಣಿಸಿಕೊಳ್ಳುತ್ತದೆ. ಹಿಂದೆ ಈ ಸೋಡಾ ಒಣಗಿದ ಕೆರೆಗಳ ನೇಟ್ರಾನ್ ಉಪ್ಪಿನಿಂದ ಅಥವಾ ಸಮುದ್ರ ತೀರದ ಗಿಡಗಳ ಬೂದಿಯಿಂದ ಬರುತ್ತಿತ್ತು. ಕಾಡಿನ ಮರದ ಬೂದಿ ಬಳಸಿದವರಿಗೆ ಸೋಡಾದ ಬದಲು ಪೊಟ್ಯಾಶ್ ಸಿಗುತ್ತಿತ್ತು. ಉಪ್ಪಿನಿಂದ ಸೋಡಾ ಮಾಡುವ ದಾರಿಯನ್ನು ಫ್ರಾನ್ಸಿನ ರಸಾಯನಜ್ಞ ನಿಕೊಲಾ ಲೆಬ್ಲಾಂ 1791ರಲ್ಲಿ ಕೊಟ್ಟ ಮೇಲೆ ಗಾಜಿನವರು ಬೂದಿಗಾಗಿ ಕಾಯುವುದು ಕ್ರಮೇಣ ತಪ್ಪಿತು.

ಆದರೆ ಬರೀ ಮರಳು, ಸೋಡಾ ಸೇರಿಸಿದರೆ ಬರುವ ಗಾಜು ನೀರಿನಲ್ಲಿ ಕರಗುತ್ತದೆ. ಅದಕ್ಕೆ ಮೂರನೆಯದು ಬೇಕು, ಸುಣ್ಣ. ಸುಣ್ಣದ ಕಲ್ಲಿನ ಪುಡಿ ಹಾಕಿದರೆ ಗಾಜು ನೀರಿಗೆ ಜಗ್ಗುವುದಿಲ್ಲ. ಕಿಟಕಿಯ ಗಾಜು, ಬಾಟಲಿಯ ಗಾಜು ಎಲ್ಲ ಈ ಮೂರರ ಮಿಶ್ರಣವೇ: ನೂರರಲ್ಲಿ 70ರಿಂದ 74 ಪಾಲು ಸಿಲಿಕಾ, 12ರಿಂದ 16 ಪಾಲು ಸೋಡಿಯಂ ಆಕ್ಸೈಡ್, 8ರಿಂದ 12 ಪಾಲು ಸುಣ್ಣ, ಜೊತೆಗೆ ಒಂದಿಷ್ಟು ಮೆಗ್ನೀಷಿಯಾ ಮತ್ತು ಅಲ್ಯುಮಿನಾ.

ಕುಲುಮೆಗೆ ಮೊದಲು ಒಂದು ಮಣಿ

ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಬೆಂಕಿಯ ಜ್ವಾಲೆಯಲ್ಲಿ ಒಂದು ಪುಟ್ಟ ಗಾಜು ಮಾಡಿ ನೋಡಿ. ಹತ್ತು ನಿಮಿಷದ ಕೆಲಸ. ಇಡೀ ಪ್ರಕ್ರಿಯೆ ಕಣ್ಣೆದುರೇ ನಡೆಯುತ್ತದೆ.

ನಿಕ್ರೋಮ್ (ನಿಕ್ಕೆಲ್-ಕ್ರೋಮಿಯಂ ಮಿಶ್ರಲೋಹ) ತಂತಿಯ ತುದಿಯನ್ನು ಸುಮಾರು 3 ಮಿಲಿಮೀಟರ್ ಅಗಲದ ಉಂಗುರದಂತೆ ಬಗ್ಗಿಸಿ. ಬುನ್ಸೆನ್ ಬರ್ನರ್ ಅಥವಾ ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಬೊರಾಕ್ಸ್ (ಬಿಳಿಗಾರ) ಪುಡಿಗೆ ಅದ್ದಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಪುಡಿ ಮೊದಲು ಹತ್ತಿಯ ಹಾಗೆ ಉಬ್ಬುತ್ತದೆ. ಅದರೊಳಗಿನ ನೀರು ಆವಿಯಾಗಿ ಹೋಗುತ್ತಿರುವುದು ಅದು. ಆಮೇಲೆ ಉಬ್ಬು ಕುಸಿಯುತ್ತದೆ. ಅಂಚಿನಿಂದ ಒಳಕ್ಕೆ ಕರಗುತ್ತಾ ಬರುತ್ತದೆ. ಸಣ್ಣ ಸಣ್ಣ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತವೆ. ಕೊನೆಗೆ ಉಂಗುರದಲ್ಲಿ ತಿಳಿಯಾದ ಒಂದು ಹನಿ ನಿಲ್ಲುತ್ತದೆ. ಜ್ವಾಲೆಯಿಂದ ತೆಗೆದರೆ ಹನಿ ಹನಿಯಾಗಿಯೇ ಗಟ್ಟಿಯಾಗುತ್ತದೆ. ಹರಳಾಗುವುದಿಲ್ಲ, ಬೆಳ್ಳಗೂ ಆಗುವುದಿಲ್ಲ. ಅದು ಗಾಜು.

ಬಿಸಿ ಮಣಿಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ಕೋಬಾಲ್ಟ್ ಆಕ್ಸೈಡಿಗೆ ತಾಗಿಸಿ ಮತ್ತೆ ಕಾಯಿಸಿದರೆ ಕಡು ನೀಲಿ ಬರುತ್ತದೆ. ಜಾಸ್ತಿ ತಾಗಿಸಿದರೆ ಕಪ್ಪಾಗಿ ಏನೂ ಕಾಣುವುದಿಲ್ಲ. ಮಣಿಯನ್ನು ಒಂದು ರಾತ್ರಿ ನೀರಿನಲ್ಲಿ ಬಿಟ್ಟರೆ ಅದು ಮಸುಕಾಗಿ, ಸವೆಯುತ್ತಾ ಹೋಗುತ್ತದೆ. ಗಾಜಾದ ಮಾತ್ರಕ್ಕೆ ಬಾಳಿಕೆ ಬರುತ್ತದೆ ಅಂತೇನಿಲ್ಲ ಅನ್ನುವುದು ಆಗ ಕೈಗೇ ಅರ್ಥವಾಗುತ್ತದೆ.

ಸಾಮಾನು ಆರಿಸುವುದು

ಮರಳಿನ ಮೊದಲ ಶತ್ರು ಕಬ್ಬಿಣ. ಬಾಟಲಿ ಗಾಜಿನ ಹಸಿರು ಛಾಯೆ ಕಬ್ಬಿಣದ್ದು. ಬಣ್ಣವಿಲ್ಲದ ಗಾಜು ಬೇಕಾದರೆ ಮರಳಿನಲ್ಲಿ ಕಬ್ಬಿಣದ ಆಕ್ಸೈಡ್ ನೂರಕ್ಕೆ 0.1ಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಒಣ ಮರಳನ್ನು ಕಾಗದದ ಮೇಲೆ ಹರಡಿ, ಬಲವಾದ ಅಯಸ್ಕಾಂತ ಆಡಿಸಿ ನೋಡಿ. ಕರಿ ಕಾಳುಗಳು ತುಂಬಾ ಅಂಟಿದರೆ ಆ ಮರಳು ಬೇಡ. ಹಳದಿ ಅಥವಾ ಕೆಂಪು ಮರಳಿನಲ್ಲಿ ಕಬ್ಬಿಣ ಕಾಳಿನ ಮೇಲೆ ಲೇಪದಂತೆ ಕೂತಿರುತ್ತದೆ, ಅದಕ್ಕೆ ಅಯಸ್ಕಾಂತ ಸಾಲದು. ಸ್ವಲ್ಪ ಮರಳಿಗೆ ವಿನೆಗರ್ ಹನಿಸಿದಾಗ ಗುಳ್ಳೆ ಬಂದರೆ ಚಿಪ್ಪಿನ ಚೂರು ಸೇರಿದೆ ಎಂದರ್ಥ. ಅದು ಸುಣ್ಣವೇ ಆದರೂ ನಿಮ್ಮ ತೂಕದ ಲೆಕ್ಕ ತಪ್ಪುತ್ತದೆ.

ಕಾಳಿನ ಗಾತ್ರ 0.1ರಿಂದ 0.5 ಮಿಲಿಮೀಟರ್ ಇರಲಿ. ದಪ್ಪ ಕಾಳು ಕರಗದೆ ಗಾಜಿನಲ್ಲಿ ಕಲ್ಲಾಗಿ ಉಳಿಯುತ್ತದೆ. ಹಾಗಂತ ಹಿಟ್ಟಿನಂತೆ ಅರೆಯಲೂ ಬಾರದು. ನುಣ್ಣನೆ ಪುಡಿ ಹಾರುತ್ತದೆ, ಗಂಟು ಕಟ್ಟುತ್ತದೆ, ಸಣ್ಣ ಗುಳ್ಳೆಗಳನ್ನು ಹಿಡಿದಿಡುತ್ತದೆ.

ಸೋಡಾದಲ್ಲಿ ಹೊಸಬರು ಎಡವುವುದು ಜಾಸ್ತಿ. ಹರಳು ಹರಳಾಗಿ ಸಿಗುವ ವಾಷಿಂಗ್ ಸೋಡಾದ ತೂಕದಲ್ಲಿ ನೂರಕ್ಕೆ 63 ಪಾಲು ಬರೀ ನೀರು. ಅದನ್ನೇ ತೂಗಿ ಹಾಕಿದರೆ ಸೋಡಾ ಅರ್ಧಕ್ಕಿಂತ ಕಡಿಮೆ ಬೀಳುತ್ತದೆ, ಮರಳು ಕರಗುವುದೇ ಇಲ್ಲ. ನೀರಿಲ್ಲದ ಒಣ ಸೋಡಾ ಆಶ್ ಬೇಕು. ಅದು ಸಿಗದಿದ್ದರೆ ಅಡುಗೆ ಸೋಡಾವನ್ನು 200 ಡಿಗ್ರಿಯಲ್ಲಿ ಒಂದು ಗಂಟೆಗೂ ಮೀರಿ ಕಾಯಿಸಿ. 100 ಗ್ರಾಂ ಅಡುಗೆ ಸೋಡಾದಿಂದ ಸುಮಾರು 63 ಗ್ರಾಂ ಸೋಡಾ ಆಶ್ ಸಿಗುತ್ತದೆ. ತೂಕ ಇಳಿಯುವುದು ನಿಂತರೆ ಆಯಿತು ಅಂತ ತಿಳಿಯಿರಿ.

ಸುಣ್ಣಕ್ಕೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸಾಕು. ಬರೆಯುವ ಸೀಮೆಸುಣ್ಣ ಬೇಡ. ಎಷ್ಟೋ ಸೀಮೆಸುಣ್ಣಗಳು ಜಿಪ್ಸಂನವು.

ಮೂಸೆ ಹೆಚ್ಚು ಅಲ್ಯುಮಿನಾ ಇರುವ ಜೇಡಿಮಣ್ಣಿನದಾಗಿರಲಿ. ಲೋಹ ಕರಗಿಸುವ ಗ್ರಾಫೈಟ್ ಮೂಸೆ ಇದಕ್ಕೆ ಆಗಿಬರುವುದಿಲ್ಲ, ಅದರ ಇಂಗಾಲ ಗಾಜಿಗೆ ಬಣ್ಣ ಕೊಡುತ್ತದೆ. ಕರಗಿದ ಸೋಡಾ ಮೂಸೆಯನ್ನೂ ತಿನ್ನುತ್ತದೆ. ಅದಕ್ಕೇ ಹೊಸ ಮೂಸೆಯನ್ನು ನಿಧಾನವಾಗಿ ಕಾಯಿಸಿ, ಮೊದಲು ಬರೀ ಗಾಜಿನ ಚೂರು ಕರಗಿಸಿ, ಒಳಗೋಡೆಗೆ ಒಂದು ಪದರ ಕೂರಿಸಬೇಕು. ಕುಲುಮೆ ಕನಿಷ್ಠ 1350 ಡಿಗ್ರಿ ಮುಟ್ಟಿ, ಅಲ್ಲೇ ಗಂಟೆಗಟ್ಟಲೆ ನಿಲ್ಲುವಂಥದ್ದಾಗಿರಬೇಕು. ಸಾಮಾನ್ಯ ತಂತಿ ಸುರುಳಿಯ ಕುಲುಮೆಗೆ ಇದು ಕಷ್ಟ. ಸಿಲಿಕಾನ್ ಕಾರ್ಬೈಡ್ ಕಡ್ಡಿಯ ಕುಲುಮೆ ಅಥವಾ ಗ್ಯಾಸ್ ಕುಲುಮೆ ಬೇಕಾಗುತ್ತದೆ.

ತೂಕದ ಲೆಕ್ಕ

1 ಕಿಲೋ ಗಾಜು ಬೇಕು, ಅದರಲ್ಲಿ 74 ಪಾಲು ಸಿಲಿಕಾ, 16 ಪಾಲು ಸೋಡಿಯಂ ಆಕ್ಸೈಡ್, 10 ಪಾಲು ಸುಣ್ಣ ಇರಲಿ ಎಂದುಕೊಳ್ಳೋಣ. ಮರಳು ಹಾಕಿದಷ್ಟೂ ಗಾಜಿಗೆ ಸೇರುತ್ತದೆ. ಸೋಡಾ ಮತ್ತು ಸುಣ್ಣದ ಕಲ್ಲು ಹಾಗಲ್ಲ. ಕಾದಾಗ ಅವುಗಳಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 100 ಗ್ರಾಂ ಸೋಡಾ ಆಶ್‌ನಲ್ಲಿ 58.5 ಗ್ರಾಂ ಮಾತ್ರ ಗಾಜಿಗೆ ಸಿಗುತ್ತದೆ. ಸುಣ್ಣದ ಕಲ್ಲಿನಲ್ಲಿ 56 ಗ್ರಾಂ.

ಹಾಗಾಗಿ ಬೇಕಾದ ತೂಕವನ್ನು ಆ ಪಾಲಿನಿಂದ ಭಾಗಿಸಬೇಕು. ಮರಳು 740 ಗ್ರಾಂ. ಸೋಡಾ 160ನ್ನು 0.585ರಿಂದ ಭಾಗಿಸಿದರೆ ಸುಮಾರು 274 ಗ್ರಾಂ. ಸುಣ್ಣದ ಕಲ್ಲು 100ನ್ನು 0.56ರಿಂದ ಭಾಗಿಸಿದರೆ ಸುಮಾರು 179 ಗ್ರಾಂ. ಒಟ್ಟು 1193 ಗ್ರಾಂ ಪುಡಿ. ಬರುವ ಗಾಜು 1000 ಗ್ರಾಂ. ಉಳಿದ 193 ಗ್ರಾಂ ಅನಿಲವಾಗಿ ಹೋಗುತ್ತದೆ. ಕೋಣೆಯ ಶಾಖದಲ್ಲಿ ಅಳೆದರೆ ಅದು 100 ಲೀಟರಿಗೂ ಜಾಸ್ತಿ. ಒಂದು ಸಣ್ಣ ಮೂಸೆಯೊಳಗಿನ ಮಂದ ಪಾಕವನ್ನು ದಾಟಿ ಅಷ್ಟು ಅನಿಲ ಹೊರಬರಬೇಕು. ನಾನು ಮೊದಲು ಕಂಡ ನೊರೆಗೆ ಕಾರಣ ಇದೇ.

ಗಾಜಿನ ಚೂರು ಇದ್ದರೆ ಮಿಶ್ರಣದ ಕಾಲು ಭಾಗದಿಂದ ಅರ್ಧದವರೆಗೂ ಸೇರಿಸಿ. ಚೂರಿನಲ್ಲಿ ಅನಿಲ ಆಗಲೇ ಹೋಗಿರುತ್ತದೆ, ಅದು ಬೇಗ ಕರಗಿ ಮರಳನ್ನೂ ನೆನೆಸುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಪ್ರತಿ 10 ಪಾಲು ಚೂರಿಗೆ ಇಂಧನ ನೂರಕ್ಕೆ ಸುಮಾರು 2.5ರಿಂದ 3ರಷ್ಟು ಉಳಿಯುತ್ತದೆ. ಒಂದೇ ಜಾತಿಯ ಗಾಜಿನ ಚೂರು ಮಾತ್ರ ಬಳಸಿ. ಪ್ರಯೋಗಶಾಲೆಯ ಬೊರೊಸಿಲಿಕೇಟ್ ಗಾಜು ಬಿಸಿಯಲ್ಲಿ ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದರಷ್ಟು. ಎರಡೂ ಒಂದೇ ಮೂಸೆಗೆ ಬಿದ್ದರೆ ಗೆರೆ ಗೆರೆಯಾಗಿ ಉಳಿದು, ಮುಂದೆ ಅಲ್ಲೇ ಬಿರುಕು ಬಿಡುತ್ತದೆ.

ಮೈ ಕಾಯ್ದುಕೊಳ್ಳುವುದು

ಈ ಭಾಗ ಓದದೆ ಮುಂದೆ ಹೋಗಬೇಡಿ. ಸಿಲಿಕಾದ ನುಣ್ಣನೆ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಗುಣವಿಲ್ಲ. ಪುಡಿ ಮುಟ್ಟುವ ಹೊತ್ತಿನಲ್ಲೆಲ್ಲ ದೂಳು ತಡೆಯುವ ಸರಿಯಾದ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಿರಬೇಕು. ಬಟ್ಟೆ ಕಟ್ಟಿಕೊಂಡರೆ ಸಾಲದು. ಚೆಲ್ಲಿದ ಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸೋಡಾ ಕಣ್ಣು, ಚರ್ಮ ಉರಿಸುತ್ತದೆ. ಕನ್ನಡಕ ಮತ್ತು ಕೈಗವಸು ಇರಲಿ.

ಕುಲುಮೆಯ ಕೆಂಪನ್ನು ಬರಿಗಣ್ಣಿನಿಂದ ದಿಟ್ಟಿಸಬೇಡಿ. ಅದರ ಅತಿಗೆಂಪು ಕಿರಣ ವರ್ಷಗಳು ಕಳೆದಂತೆ ಕಣ್ಣಿಗೆ ಪೊರೆ ತರಿಸುತ್ತದೆ. ಗಾಜು ಊದುವವರ ಪೊರೆ ಅಂತಲೇ ಅದಕ್ಕೊಂದು ಹೆಸರಿದೆ. ಅತಿಗೆಂಪು ತಡೆಯುವ ಕನ್ನಡಕವೇ ಬೇಕು. ಡಿಡಿಮಿಯಂ ಕನ್ನಡಕ ಸೋಡಿಯಂನ ಹಳದಿ ಬೆಳಕನ್ನು ತಡೆಯುತ್ತದೆ ಅಷ್ಟೇ. ಗ್ಯಾಸ್ ಕುಲುಮೆ ಇರುವ ಕಡೆ ಗಾಳಿ ಆಡುತ್ತಿರಬೇಕು. ಹತ್ತಿ ಬಟ್ಟೆ ಹಾಕಿ, ಸಿಂಥೆಟಿಕ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಒಬ್ಬರೇ ಮಾಡಬೇಡಿ.

ಬೆರೆಸಿ ಕರಗಿಸುವುದು

ಮೂರೂ ಪುಡಿಯನ್ನು ಮುಚ್ಚಳವಿರುವ ಡಬ್ಬದಲ್ಲಿ ಹಾಕಿ ಹತ್ತು ಹದಿನೈದು ನಿಮಿಷ ಉರುಳಿಸಿ. ತೂಕದ ನೂರಕ್ಕೆ 3-4ರಷ್ಟು ನೀರು ಚಿಮುಕಿಸಿದರೆ ದೂಳು ಏಳುವುದಿಲ್ಲ, ಭಾರದ ಕಾಳು ತಳಕ್ಕೆ ಇಳಿಯುವುದಿಲ್ಲ. ಇದು ತಣ್ಣನೆ ಪುಡಿಗೆ ಮಾತ್ರ. ಕರಗಿದ ಗಾಜಿನ ಮೇಲೆ ಒದ್ದೆ ಚೂರು ಹಾಕಿದರೆ ಸಿಡಿಯುತ್ತದೆ. ಹಾಗಾಗಿ ತೇವದ ಪುಡಿಯನ್ನು ಮೊದಲ ಸುತ್ತಿಗೆ, ತಣ್ಣನೆ ಮೂಸೆಗೇ ಹಾಕಿ. ಆಮೇಲಿನ ಸುತ್ತುಗಳಿಗೆ ಉಳಿದ ಪುಡಿಯನ್ನು, ಚೂರನ್ನು ಪೂರ್ತಿ ಒಣಗಿಸಿ ಇಟ್ಟುಕೊಳ್ಳಿ.

ಪುಡಿ ಗಾಜಿಗಿಂತ ಸುಮಾರು ಎರಡರಷ್ಟು ಜಾಗ ಹಿಡಿಯುತ್ತದೆ, ಮೇಲೆ ನೊರೆ ಬೇರೆ. ಮೂಸೆಯನ್ನು ಒಂದೇ ಸಲ ತುಂಬಬೇಡಿ. ಮೂರನೇ ಒಂದು ಭಾಗ ಹಾಕಿ ಕುಲುಮೆಯನ್ನು ಗಂಟೆಗೆ 100-150 ಡಿಗ್ರಿಯಂತೆ ಏರಿಸಿ. 700-800 ಡಿಗ್ರಿ ಹೊತ್ತಿಗೆ ಸೋಡಾ ಮರಳಿನ ಜೊತೆ ಕೆಲಸ ಶುರು ಮಾಡುತ್ತದೆ. 851 ಡಿಗ್ರಿಗೆ ಸೋಡಾವೇ ಕರಗುತ್ತದೆ. 900ರ ಆಸುಪಾಸಿನಲ್ಲಿ ಸುಣ್ಣದ ಕಲ್ಲು ಅನಿಲ ಬಿಡುತ್ತದೆ. ಉಕ್ಕುವ ಭಯ ಜಾಸ್ತಿ ಇರುವುದು ಈ ನಡುವೆಯೇ. ಇಲ್ಲಿ ಅವಸರ ಬೇಡ. 1200 ದಾಟಿ ರಾಶಿ ಕುಸಿದು ಮಟ್ಟಸವಾದ ಮೇಲೆ ಎರಡನೇ ಭಾಗ ಹಾಕಿ. ಅದೂ ಇಳಿದ ಮೇಲೆ ಮೂರನೆಯದು.

ಎಲ್ಲ ಹಾಕಿ ಆದ ಮೇಲೆ ಕುಲುಮೆ ತಡೆಯುವಷ್ಟು ಮೇಲಕ್ಕೆ ಹೋಗಿ, 1350ರಿಂದ 1450 ಡಿಗ್ರಿ. ಕಾರ್ಖಾನೆಯ ಕುಲುಮೆಗಳು 1500 ದಾಟುತ್ತವೆ. ಶಾಖ ಕಡಿಮೆಯಾದಷ್ಟೂ ಗಂಟೆಗಳನ್ನು ಹೆಚ್ಚಿಸಬೇಕು.

ಗುಳ್ಳೆ ಬಿಡಿಸುವುದು

ಗುಳ್ಳೆ ಪಾಕದಲ್ಲಿ ಮೇಲೇರುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅಗಲ ಹತ್ತನೇ ಒಂದಾದರೆ ವೇಗ ನೂರನೇ ಒಂದು. 1450 ಡಿಗ್ರಿಯಲ್ಲಿ 1 ಮಿಲಿಮೀಟರ್ ಅಗಲದ ಗುಳ್ಳೆ 10 ಸೆಂಟಿಮೀಟರ್ ಮೇಲೇರಲು ಸುಮಾರು 13 ನಿಮಿಷ ಸಾಕು. 0.1 ಮಿಲಿಮೀಟರ್ ಗುಳ್ಳೆಗೆ ಅದೇ ದಾರಿ ಸುಮಾರು 21 ಗಂಟೆ. ಶಾಖ ಇಳಿದಂತೆ ಪಾಕ ಮಂದವಾಗಿ ಇದೂ ಹೆಚ್ಚುತ್ತದೆ. ಈ ಲೆಕ್ಕ ನೋಡಿದ ಮೇಲೆ ಕಾಯುವುದು ನನಗೆ ಬೇಸರ ಅನಿಸಿಲ್ಲ.

ಕಾರ್ಖಾನೆಯವರು ಸ್ವಲ್ಪ ಸೋಡಿಯಂ ಸಲ್ಫೇಟ್ ಸೇರಿಸುತ್ತಾರೆ. ಅದು ಜಾಸ್ತಿ ಶಾಖದಲ್ಲಿ ಅನಿಲ ಬಿಟ್ಟು ಸಣ್ಣ ಗುಳ್ಳೆಗಳನ್ನು ದೊಡ್ಡದು ಮಾಡುತ್ತದೆ, ದೊಡ್ಡವು ಬೇಗ ಏರುತ್ತವೆ. ಹಳೆಯ ಪಾಕವಿಧಾನಗಳ ಆರ್ಸೆನಿಕ್, ಆಂಟಿಮನಿ ಆಕ್ಸೈಡ್‌ಗಳು ವಿಷ, ಅವುಗಳ ಸಹವಾಸ ಬೇಡ. ಸಣ್ಣ ಕುಲುಮೆಯಲ್ಲಿ ಆಳ ಕಡಿಮೆ ಇರುವ ಮೂಸೆ ಮತ್ತು ಒಂದು ಇಡೀ ರಾತ್ರಿ, ಇವೇ ಒಳ್ಳೆಯ ಮದ್ದು. ಕರಗಿದ ಗಾಜನ್ನು ಜೇಡಿಮಣ್ಣಿನ ಕೋಲಿನಿಂದ ಕಲಕುವ ಪದ್ಧತಿಯನ್ನು ಸ್ವಿಸ್ ಕಸುಬುದಾರ ಪಿಯರ್ ಲೂಯಿ ಗಿನಾಂ 1800ರ ಆಸುಪಾಸಿನಲ್ಲಿ ತಂದ ಮೇಲೆಯೇ ದೂರದರ್ಶಕಕ್ಕೆ ದೊಡ್ಡ, ಗೆರೆಯಿಲ್ಲದ ಮಸೂರಗಳು ಸಿಕ್ಕವು.

ಪಾಕ ಬಂತೇ ಅಂತ ತಿಳಿಯಲು ಒಂದು ಕಬ್ಬಿಣದ ಸರಳಿನ ತುದಿಯನ್ನು ಅದ್ದಿ, ದಾರದಂಥ ಒಂದು ಎಳೆಯನ್ನು ಹೊರಗೆಳೆಯಿರಿ. ತಣಿದ ಎಳೆಯನ್ನು ಬೆಳಕಿಗೆ ಹಿಡಿಯಿರಿ. ಗಂಟು ಗಂಟಾಗಿದ್ದರೆ ಮರಳು ಇನ್ನೂ ಕರಗಿಲ್ಲ. ನುಣುಪಾಗಿದ್ದು ಒಳಗೆ ಸೂಜಿಯಂಥ ಉದ್ದ ಗೆರೆಗಳಿದ್ದರೆ ಅವು ಗುಳ್ಳೆಗಳೇ, ಎಳೆಯ ಜೊತೆ ಎಳೆದುಕೊಂಡಿವೆ. ಎರಡೂ ಇಲ್ಲದಿದ್ದರೆ ಗಾಜು ಸಿದ್ಧ.

ಆಕಾರ ಕೊಡುವುದು

ಕುಲುಮೆಯನ್ನು 1100 ಡಿಗ್ರಿಯ ಹತ್ತಿರಕ್ಕೆ ಇಳಿಸಿ. ಈಗ ಗಾಜು ಕೈಮಾತು ಕೇಳುತ್ತದೆ. ಊದುವುದು ವರ್ಷಗಟ್ಟಲೆ ಕಲಿಯುವ ವಿದ್ಯೆ, ಎದುರು ನಿಂತು ಕಲಿಸುವವರು ಬೇಕು. ಮೊದಲ ಸಲಕ್ಕೆ ಅಚ್ಚಿಗೆ ಎರೆಯುವುದೇ ಸರಿ. ಗ್ರಾಫೈಟ್ ಅಥವಾ ಉಕ್ಕಿನ ಅಚ್ಚನ್ನು ಮೊದಲೇ ಕಾಯಿಸಿಟ್ಟುಕೊಳ್ಳಿ. ಅದರಲ್ಲಿ ತೇವ ಒಂದು ಹನಿಯೂ ಇರಬಾರದು. ಉದ್ದನೆಯ ಇಕ್ಕಳದಿಂದ ಮೂಸೆ ಎತ್ತಿ, ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಿರಿ. ಧಾರೆ ತುಂಡಾದರೆ ಪದರದ ಗೆರೆ ಉಳಿಯುತ್ತದೆ. ಗಾಜನ್ನು 750ರಿಂದ 1000 ಡಿಗ್ರಿಯ ನಡುವೆ ಬಹಳ ಹೊತ್ತು ಬಿಡಬೇಡಿ. ಅಲ್ಲಿ ಪರಮಾಣುಗಳಿಗೆ ಸಾಲು ಹಿಡಿಯಲು ಪುರುಸೊತ್ತು ಸಿಗುತ್ತದೆ, ಮೈ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ.

ಹಾಳೆ ಗಾಜಿನ ಕತೆಯೇ ಬೇರೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಎಂಜಿನಿಯರ್ ಅಲಾಸ್ಟೇರ್ ಪಿಲ್ಕಿಂಗ್ಟನ್ ಮತ್ತು ಸಂಗಡಿಗರು ರೂಪಿಸಿದರು. 1959ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು. ಇಂದಿನ ಕಿಟಕಿ ಗಾಜು ಹೆಚ್ಚುಕಡಿಮೆ ಎಲ್ಲವೂ ಹಾಗೆ ತೇಲಿ ಬಂದದ್ದೇ.

ಬಣ್ಣ ಬೇಕಾದರೆ ಪುಡಿ ಬೆರೆಸುವಾಗಲೇ ಸೇರಿಸಬೇಕು. 1 ಕಿಲೋಗೆ 1 ಗ್ರಾಂ ಕೋಬಾಲ್ಟ್ ಆಕ್ಸೈಡ್ ಸಾಕು, ಕಡು ನೀಲಿ. ತಾಮ್ರದ ಆಕ್ಸೈಡ್ 10-20 ಗ್ರಾಂ ಹಾಕಿದರೆ ಹಸಿರು ಬೆರೆತ ತಿಳಿನೀಲಿ. ಕಬ್ಬಿಣದ ಹಸಿರನ್ನು ಅಡಗಿಸಲು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕುವ ರೂಢಿ ಹಳೆಯದು, ಜಾಸ್ತಿಯಾದರೆ ಗಾಜು ನೇರಳೆಯಾಗುತ್ತದೆ.

ತಣಿಸುವುದು

ಗಾಜು ತಣಿಯುವಾಗ ಹೊರಗಿನ ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ಬಿಸಿ. ಆಮೇಲೆ ಅದು ಕುಗ್ಗಲು ಹೊರಟಾಗ ಗಟ್ಟಿಯಾದ ಹೊರಪದರ ಬಿಡುವುದಿಲ್ಲ. ಒಳಗೆ ಎಳೆತ, ಹೊರಗೆ ಒತ್ತಡ. ಈ ಜಗ್ಗಾಟ ಗಾಜಿನೊಳಗೇ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಂದು ಸಣ್ಣ ಗೀರು ಸಾಕು, ಒಡೆಯುತ್ತದೆ.

ಇದನ್ನು ತಪ್ಪಿಸಲು ಅನೀಲಿಂಗ್ ಮಾಡುತ್ತೇವೆ. ಗಾಜು ಆಕಾರ ಬಿಡುವಷ್ಟು ಬಿಸಿಯಲ್ಲ, ಆದರೆ ಒಳಗಿನ ಎಳೆತ ಸಡಿಲವಾಗುವಷ್ಟು ಬಿಸಿ, ಅಂಥದ್ದೊಂದು ಹದ ಇದೆ. ಸೋಡಾ-ಸುಣ್ಣದ ಗಾಜಿಗೆ ಅದು ಸುಮಾರು 550 ಡಿಗ್ರಿ. ಅಚ್ಚಿನಿಂದ ತೆಗೆದ ಗಾಜನ್ನು ಆಗಲೇ 550ರಲ್ಲಿ ಕಾಯುತ್ತಿರುವ ಎರಡನೇ ಕುಲುಮೆಗೆ ತಕ್ಷಣ ಸೇರಿಸಬೇಕು. 12 ಮಿಲಿಮೀಟರ್ ದಪ್ಪದ ತುಂಡನ್ನು ಅಲ್ಲಿ 2 ಗಂಟೆ ಇಡಿ. ಆಮೇಲೆ ಗಂಟೆಗೆ 50 ಡಿಗ್ರಿಗಿಂತ ಬೇಗ ಇಳಿಸದೆ 430ಕ್ಕೆ ತನ್ನಿ. ಅಲ್ಲಿಂದ 370ಕ್ಕೆ ಗಂಟೆಗೆ 90ರಂತೆ. ಮುಂದೆ ಕುಲುಮೆ ಆರಿಸಿ, ಬಾಗಿಲು ಮುಚ್ಚಿಯೇ ಬಿಡಿ.

ದಪ್ಪ ಎರಡರಷ್ಟಾದರೆ ಇಳಿಸುವ ವೇಗ ಕಾಲು ಭಾಗಕ್ಕೆ ಬರಬೇಕು. 25 ಮಿಲಿಮೀಟರ್ ತುಂಡಿಗೆ 4 ಗಂಟೆ ನಿಲ್ಲಿಸಿ, ಗಂಟೆಗೆ ಸುಮಾರು 13 ಡಿಗ್ರಿ. ಈ ನಿಯಮ ನಾನು ಕಲಿತದ್ದು ಒಂದು ತುಂಡು ಕಳೆದುಕೊಂಡ ಮೇಲೆ. 25 ಮಿಲಿಮೀಟರ್ ದಪ್ಪದ ಗಟ್ಟಿಯನ್ನು 12 ಮಿಲಿಮೀಟರಿನ ವೇಗದಲ್ಲೇ ಇಳಿಸಿದ್ದೆ. ಕುಲುಮೆಯಿಂದ ತೆಗೆದಾಗ ಚೊಕ್ಕವಾಗಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಮೇಜಿನ ಮೇಲೆ ಸುಮ್ನೆ ಕೂತಿದ್ದಾಗ ಟಪ್ ಅಂತ ಸದ್ದಾಯಿತು, ನಡುವೆ ಸೀಳಿ ಎರಡಾಯಿತು. ಒಡೆದ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಯಾರೂ ಮುಟ್ಟಿರಲಿಲ್ಲ.

ಹಾಗಾಗಿ ಈಗ ಪ್ರತಿ ತುಂಡನ್ನೂ ಬೆಳಕಿಗೆ ಇಟ್ಟು ನೋಡುತ್ತೇನೆ. ಕಂಪ್ಯೂಟರಿನ ಎಲ್‌ಸಿಡಿ ಪರದೆಯಲ್ಲಿ ಬರೀ ಬಿಳಿ ಪುಟ ತೆರೆಯಿರಿ. ಪೋಲರೈಸ್ಡ್ ತಂಪು ಕನ್ನಡಕವನ್ನು ಅದರ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಗಾಜನ್ನು ತನ್ನಿ, ನಿಧಾನವಾಗಿ ಸುತ್ತಿಸಿ. ಎಳೆತ ಉಳಿದಿದ್ದರೆ ಕತ್ತಲೆಯ ನಡುವೆ ಬೆಳಕಿನ ಪಟ್ಟೆಗಳು ಏಳುತ್ತವೆ, ಮೂಲೆಗಳಲ್ಲಿ ಹೆಚ್ಚು. ಹಾಗೆ ಕಂಡರೆ ಅಂಚು ಉಜ್ಜಲು ಹೋಗಬೇಡಿ. ಗಾಜು ಹಾಳಾಗಿಲ್ಲ. ತಣ್ಣನೆ ಕುಲುಮೆಯಲ್ಲಿಟ್ಟು, ನಿಧಾನವಾಗಿ 550ಕ್ಕೆ ಏರಿಸಿ, ಈ ಸಲ ಇನ್ನಷ್ಟು ಮೆಲ್ಲಗೆ ಇಳಿಸಿ. ಹೇಗೆ ಸುತ್ತಿಸಿದರೂ ಕತ್ತಲೆ ಒಂದೇ ಸಮ ಇದ್ದರೆ ಆ ತುಂಡನ್ನು ಧೈರ್ಯವಾಗಿ ಕತ್ತರಿಸಬಹುದು, ಉಜ್ಜಬಹುದು, ಹೊಳಪು ಕೊಡಬಹುದು.